ಮಾತ್ರೆ ಇನ್ನೂ ನಡೀತಿದೆ, ಮಗಳನ್ನು ಡಿಗ್ರಿಗೆ ಸೇರಿಸಬಹುದಾ?

ಪ್ರಶ್ನೆ: ಮಗಳಿಗೆ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್ ಬಂತು. ಪಿಯುಸಿ ಹೇಗೋ ಪಾಸಾಗಿದ್ದಾಳೆ. ಚಿಕಿತ್ಸೆ ಇನ್ನೂ ಪೂರ್ತಿ ಮುಗಿದಿಲ್ಲ. ಕಾಲೇಜಿಗೆ ಕಳಿಸಬಹುದಾ? ಅಂಗವಿಕಲರ ಕೋಟಾ ಸಿಗುತ್ತಾ?

ಉತ್ತರ: ಡಾಕ್ಟರು ಹೂಂ ಅಂದರೆ ಧಾರಾಳವಾಗಿ ಕಳಿಸಿ. ಎಎಲ್‌ಎಲ್ ಚಿಕಿತ್ಸೆಗೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಮೊದಲ ಆರೆಂಟು ತಿಂಗಳು ಕಷ್ಟದ್ದು. ಆಮೇಲಿನದು ಮೇಂಟೆನೆನ್ಸ್: ದಿನಾ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ಈ ಹಂತದಲ್ಲಿ ಕ್ಲಾಸಿಗೆ ಹೋಗುವ ಮಕ್ಕಳು ಬೇಕಾದಷ್ಟು ಇದ್ದಾರೆ. ‘ಆರೋಗ್ಯ ಇದ್ರೆ ಸಾಕು, ಓದೇನು ಮಹಾ’ ಅನ್ನುವ ನೆಂಟರ ಮಾತಿಗೆ ಸುಮ್ನೆ ತಲೆ ಆಡಿಸಿ, ಅರ್ಜಿ ತುಂಬಿ.

ಕೋಟಾ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ಕ್ಯಾನ್ಸರ್ ಇಲ್ಲ. ಆದರೆ ಕ್ಯಾನ್ಸರ್ ಬಿಟ್ಟುಹೋದ ತೊಂದರೆ ಅದರಲ್ಲಿ ಇರಬಹುದು. ಮೂಳೆ ಕ್ಯಾನ್ಸರಿಗೆ ಕಾಲು ಕಳೆದುಕೊಂಡ ಹುಡುಗ, ಸಿಸ್‌ಪ್ಲಾಟಿನ್ ಔಷಧಿಯಿಂದ ಕಿವಿ ಮಂದವಾದ ಹುಡುಗಿ ಇದಕ್ಕೆ ಉದಾಹರಣೆ. ವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಇದೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಮೊದಲು ಅವಳ ನೋಟ್‌ಬುಕ್ ನೋಡಿ. ಎಎಲ್‌ಎಲ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ನರಗಳನ್ನು ಹಣ್ಣು ಮಾಡುತ್ತದೆ. ಮೊದಲ ಪುಟದಲ್ಲಿ ಮುತ್ತಿನಂಥ ಅಕ್ಷರ, ಮೂರನೇ ಪುಟದಲ್ಲಿ ಸಾಲು ಜಾರಿ ಕೆಳಗಿಳಿದಿರುತ್ತದೆ. ಬೆರಳು ಜೋಮು ಹಿಡಿದದ್ದನ್ನು ಮಕ್ಕಳು ಬಾಯಿಬಿಟ್ಟು ಹೇಳಲ್ಲ. ಹೀಗಾಗಿದ್ದರೆ ಶೇ. 40 ಇರಲೇಬೇಕು ಅಂತಿಲ್ಲ. ವೈಕಲ್ಯ ಅದಕ್ಕಿಂತ ಕಮ್ಮಿ ಇದ್ದು ಬರೆಯಲು ಕಷ್ಟವಾಗುವವರಿಗೆ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಗೆ ಬರೆದುಕೊಡುವವರನ್ನು ಕೇಳಬಹುದು, ಗಂಟೆಗೆ 20 ನಿಮಿಷ ಹೆಚ್ಚು ಸಮಯವನ್ನೂ ಕೇಳಬಹುದು. ಹಾಲ್‌ಟಿಕೆಟ್ ಬಂದ ಮೇಲೆ ಓಡಾಡಿದರೆ ಆಗಲ್ಲ. ಸೆಮಿಸ್ಟರ್ ಶುರುವಿನಲ್ಲೇ ಅರ್ಜಿ ಕೊಡಿ.

ಹಾಜರಾತಿಗೂ ಇದೇ ಮಾತು. ಶೇ. 75 ಕೇಳುವ ಕಾಲೇಜುಗಳೇ ಜಾಸ್ತಿ. ಅಡ್ಮಿಷನ್ ದಿನವೇ ಡಾಕ್ಟರ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ದಿನಾ ಹೋಗಿಬರಲು ಆಗಲ್ಲ ಅಂದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ನನ್ನನ್ನು ಕೇಳಿದರೆ ಅದು ಎರಡನೇ ದಾರಿ. ಇಷ್ಟು ದಿನ ಮನೆ, ಆಸ್ಪತ್ರೆ ಅಂತ ಒಂಟಿಯಾಗಿದ್ದವಳಿಗೆ ಕ್ಯಾಂಟೀನು, ಗೆಳತಿಯರು ಬೇಕು ಅಲ್ವಾ? ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ‘ಉಗಮ್’ ಬಳಗವನ್ನೂ ಮಾತಾಡಿಸಿ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದು ಬಂದವರೇ ಅಲ್ಲಿದ್ದಾರೆ.

ಕಾಯಿಲೆ ವಿಷಯ ಕ್ಲಾಸಿಗೆಲ್ಲ ಹೇಳಬೇಕಾ ಬೇಡವಾ ಅನ್ನೋದು ಅವಳಿಗೆ ಬಿಟ್ಟದ್ದು. ಆದರೆ ಒಬ್ಬ ಲೆಕ್ಚರರಿಗೆ, ಒಬ್ಬ ಗೆಳತಿಗೆ ಎರಡು ಸಂಗತಿ ಗೊತ್ತಿರಲಿ: ಜ್ವರ ಬಂದರೆ ಡೋಲೋ ನುಂಗಿಸಿ ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪಕ್ಕದಲ್ಲಿ ಕೂರುವವರಿಗೆ ಅಮ್ಮ (ಚಿಕನ್‌ಪಾಕ್ಸ್) ಎದ್ದರೆ, ಅಂದೇ ನಿಮಗೆ ಫೋನ್ ಮಾಡಬೇಕು.