ಕ್ಯಾಪ್: ದೇಶದ ಪರವಾಗಿ ಆಡಿದ ಪಂದ್ಯಗಳ ಲೆಕ್ಕ

ಮಹಿಳಾ ಫುಟ್‌ಬಾಲ್‌ನ ಸುದ್ದಿಗಳಲ್ಲಿ ‘200 ಕ್ಯಾಪ್ ಪೂರೈಸಿದ ಮಿಡ್‌ಫೀಲ್ಡರ್’ ಎಂಬಂಥ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ನಡುಅಂಗಳದ ಆ ಆಟಗಾರ್ತಿ ತನ್ನ ದೇಶದ ಹಿರಿಯರ ತಂಡದ ಪರವಾಗಿ 200 ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಂಗಳಕ್ಕೆ ಇಳಿದಿದ್ದಾರೆ ಎಂಬುದು ಅದರ ಅರ್ಥ. ದಾವಣಗೆರೆಯ ಓದುಗರಿಗೆ ಈ ಪದ ಮೊದಲು ಪರಿಚಯವಾಗಿರುವುದು ಕ್ರಿಕೆಟ್‌ನಿಂದ. ನಮ್ಮೂರಿನ ಆರ್. ವಿನಯ್ ಕುಮಾರ್ ಅವರು 2012ರ ಜನವರಿಯಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಟೆಸ್ಟ್ ಕ್ಯಾಪ್ ಪಡೆದಾಗ ಊರಿನಲ್ಲೆಲ್ಲ ಅದೇ ಮಾತಾಗಿತ್ತು. ಆದರೆ ಕ್ರಿಕೆಟ್‌ನ ಕ್ಯಾಪ್ ಆಟದ ಒಂದು ಪ್ರಕಾರಕ್ಕೆ ಒಮ್ಮೆ ಮಾತ್ರ ಸಿಗುವಂಥದ್ದು. ಅದರ ಜೊತೆಗಿರುವ ಸಂಖ್ಯೆ, ದೇಶಕ್ಕೆ ಆಡಿದವರ ಸಾಲಿನಲ್ಲಿ ಆ ಆಟಗಾರ ಎಷ್ಟನೆಯವನು ಎಂಬುದನ್ನಷ್ಟೇ ಹೇಳುತ್ತದೆ. ಫುಟ್‌ಬಾಲ್‌ನಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಪಂದ್ಯವೂ ಒಂದೊಂದು ಕ್ಯಾಪ್. ಒಂದು ಟೆಸ್ಟ್, 31 ಏಕದಿನ ಮತ್ತು 9 ಟಿ20 ಪಂದ್ಯಗಳನ್ನಾಡಿದ ವಿನಯ್ ಅವರನ್ನು ಫುಟ್‌ಬಾಲ್‌ನ ರೀತಿಯಲ್ಲಿ ಎಣಿಸಿದರೆ ಅವರಿಗೆ 41 ಕ್ಯಾಪ್ ಎನ್ನಬೇಕಾಗುತ್ತದೆ.

ಈ ಪದದ ಹಿಂದೆ ನಿಜವಾದ ಟೋಪಿಯೇ ಇದೆ. ಇಂಗ್ಲೆಂಡ್ ಪರವಾಗಿ ಆಡಿದವರಿಗೆ ಮುಂಭಾಗದಲ್ಲಿ ಕೆಂಪು ಗುಲಾಬಿ ಕಸೂತಿಯಿರುವ ಬಿಳಿ ರೇಷ್ಮೆಯ ಟೋಪಿ ಕೊಡಬೇಕೆಂಬ ಸಲಹೆಯನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ 1886ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. ಮುಂದೆ ಎಷ್ಟೋ ದೇಶಗಳಲ್ಲಿ ಟೋಪಿ ಹಿಂದೆ ಸರಿದು ಲೆಕ್ಕ ಮಾತ್ರ ಉಳಿಯಿತು. ಮಹಿಳೆಯರ ಮಟ್ಟಿಗೆ ಈ ಚರಿತ್ರೆ ಅಷ್ಟು ಸಲೀಸಲ್ಲ. ಅದೇ ಸಂಸ್ಥೆ 1921ರ ಡಿಸೆಂಬರ್‌ನಲ್ಲಿ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಹೆಣ್ಣುಮಕ್ಕಳು ಆಡುವುದನ್ನು ನಿಷೇಧಿಸಿತು, ಮತ್ತು ಆ ನಿಷೇಧ ಸುಮಾರು ಅರ್ಧ ಶತಮಾನ ಜಾರಿಯಲ್ಲಿತ್ತು. ಇಂಗ್ಲೆಂಡ್ ಮಹಿಳಾ ತಂಡದ ಮೊದಲ ಅಧಿಕೃತ ಪಂದ್ಯ ನಡೆದದ್ದು 1972ರ ನವೆಂಬರ್ 18ರಂದು, ಸ್ಕಾಟ್ಲೆಂಡ್ ವಿರುದ್ಧ. ಅಂದು ಆಡಿದವರಿಗೆ ಸಂಸ್ಥೆಯ ಟೋಪಿ ಕೈಗೆ ಬರಲು 2022ರವರೆಗೆ ಕಾಯಬೇಕಾಯಿತು.

ಯಾವುದು ಲೆಕ್ಕಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬಲ್ಲಿ ಗೊಂದಲ ಹೆಚ್ಚು. ಎರಡು ದೇಶಗಳ ಹಿರಿಯರ ತಂಡಗಳು ಮುಖಾಮುಖಿಯಾಗುವ ಅಧಿಕೃತ ಪಂದ್ಯ ಮಾತ್ರ ಇಲ್ಲಿ ಗಣನೆಗೆ ಬರುತ್ತದೆ. ವಿಶ್ವಕಪ್ ಫೈನಲ್ ಆದರೂ ಸೌಹಾರ್ದ ಪಂದ್ಯವಾದರೂ ಕ್ಯಾಪ್ ಒಂದೇ; ಕೊನೆಯ ಎರಡು ನಿಮಿಷಕ್ಕೆ ಬದಲಿಯಾಗಿ ಇಳಿದರೂ ಒಂದೇ. ಪಂದ್ಯ ಮುಗಿಯುವ ತನಕ ಬೆಂಚಿನಲ್ಲೇ ಕುಳಿತವರಿಗೆ ಏನೂ ಇಲ್ಲ. ಕ್ಲಬ್ ಪಂದ್ಯಗಳು, 17 ಅಥವಾ 20 ವರ್ಷದೊಳಗಿನವರ ಟೂರ್ನಿಗಳು ಈ ಲೆಕ್ಕದ ಹೊರಗೆ. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಒಂದು ಸಂಜೆ ಅಭ್ಯಾಸ ಮುಗಿಸಿ ಬೂಟಿನ ಲೇಸು ಬಿಚ್ಚುತ್ತಿದ್ದ ಹುಡುಗಿಯೊಬ್ಬಳು, “ಸರ್, ನಾನು ಜಿಲ್ಲಾ ಟೀಮಿಗೆ ಆಡಿದ್ದೂ ಕ್ಯಾಪ್ ಆಗುತ್ತಾ?” ಎಂದು ಕೇಳಿದ್ದಕ್ಕೆ ಅವಳ ಡ್ರಿಲ್ ಮೇಷ್ಟ್ರು, “ಇಲ್ಲಮ್ಮಾ, ಅದು ಸರ್ಟಿಫಿಕೇಟು. ಕ್ಯಾಪ್ ಬೇಕಂದ್ರೆ ಇಂಡಿಯಾ ಜರ್ಸಿ ಹಾಕ್ಕೊಂಡು ಗೆರೆ ದಾಟಿ ಒಳಗೆ ಕಾಲಿಡಬೇಕು” ಎಂದರು. ನಿಯಮಾವಳಿಯ ಭಾಷೆಯಲ್ಲಿ ಹೇಳಿದ್ದರೂ ಇದಕ್ಕಿಂತ ಸ್ಪಷ್ಟವಾಗುತ್ತಿರಲಿಲ್ಲ.

ಒಲಿಂಪಿಕ್ಸ್ ವಿಚಾರದಲ್ಲಿ ಮಹಿಳೆಯರ ಲೆಕ್ಕವೂ ಪುರುಷರ ಲೆಕ್ಕವೂ ಬೇರೆಯಾಗುತ್ತವೆ. ಪುರುಷರ ಒಲಿಂಪಿಕ್ ಫುಟ್‌ಬಾಲ್ 1992ರಿಂದ ಮುಖ್ಯವಾಗಿ 23 ವರ್ಷದೊಳಗಿನವರ ಸ್ಪರ್ಧೆಯಾಗಿರುವುದರಿಂದ ಅಲ್ಲಿಯ ಪಂದ್ಯಗಳು ಹಿರಿಯರ ಕ್ಯಾಪ್‌ಗಳಿಗೆ ಸೇರುವುದಿಲ್ಲ. ಮಹಿಳೆಯರ ಒಲಿಂಪಿಕ್ ಫುಟ್‌ಬಾಲ್ ಮಾತ್ರ 1996ರ ಅಟ್ಲಾಂಟಾದಲ್ಲಿ ಆರಂಭವಾದಾಗಿನಿಂದಲೂ ಹಿರಿಯರ ತಂಡಗಳದ್ದೇ ಆಗಿರುವುದರಿಂದ ಅದರ ಪ್ರತಿ ಪಂದ್ಯವೂ ಲೆಕ್ಕಕ್ಕೆ ಬರುತ್ತದೆ.

ಮಿಡ್‌ಫೀಲ್ಡರ್‌ಗಳ ವಿಷಯದಲ್ಲಿ ಈ ಲೆಕ್ಕಕ್ಕೆ ಉಳಿದವರಿಗಿಲ್ಲದ ಮಹತ್ವವಿದೆ ಎಂಬುದು ನನ್ನ ಅಭಿಪ್ರಾಯ. ಮುಂಚೂಣಿಯ ಆಟಗಾರ್ತಿಗೆ ಗೋಲುಗಳಿವೆ. ಗೋಲ್‌ಕೀಪರ್‌ಗೆ ಗೋಲು ಬಿಟ್ಟುಕೊಡದ ಪಂದ್ಯಗಳಿವೆ. ನಡುಅಂಗಳದಲ್ಲಿ ನಿಂತು ಎದುರಾಳಿಯ ಪಾಸನ್ನು ದಾರಿಯಲ್ಲೇ ತಡೆದು, ಚೆಂಡನ್ನು ಹತ್ತಿರದವರಿಗೆ ದಾಟಿಸಿ, ಮತ್ತೆ ಖಾಲಿ ಜಾಗ ತುಂಬಲು ಓಡುವವರ ದುಡಿಮೆ ಮರುದಿನದ ಪತ್ರಿಕೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ತರಬೇತುದಾರರು ಬದಲಾದರೂ ಅವರನ್ನು ಕೈಬಿಡದೆ ಆಡಿಸುತ್ತ ಬಂದರು ಎಂಬುದೇ ಅವರ ಆಟಕ್ಕೆ ಸಿಗುವ ಸಾಕ್ಷ್ಯ, ಮತ್ತು ಕ್ಯಾಪ್ ಎಂಬುದು ಆ ಸಾಕ್ಷ್ಯವನ್ನು ಬರೆದಿಡುವ ಹಾಜರಿ ಪುಸ್ತಕ.

ಅಮೆರಿಕದ ಕ್ರಿಸ್ಟಿನ್ ಲಿಲ್ಲಿ ಅವರನ್ನೇ ನೋಡಬಹುದು. 1987ರಲ್ಲಿ 16ನೇ ವಯಸ್ಸಿನಲ್ಲಿ ಮೊದಲ ಪಂದ್ಯವಾಡಿದ ಅವರು 2010ರವರೆಗೆ ಆಡಿ, 350ಕ್ಕೂ ಹೆಚ್ಚು ಕ್ಯಾಪ್‌ಗಳೊಂದಿಗೆ ನಿವೃತ್ತರಾದರು. ಪುರುಷರನ್ನು ಸೇರಿಸಿ ನೋಡಿದರೂ ಇಷ್ಟು ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದವರು ಮತ್ತೊಬ್ಬರಿಲ್ಲ. 1999ರ ಜುಲೈ 10ರಂದು ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,185 ಪ್ರೇಕ್ಷಕರ ಮುಂದೆ ನಡೆದ ವಿಶ್ವಕಪ್ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಕಾರ್ನರ್‌ನಿಂದ ಬಂದ ಚೆಂಡಿಗೆ ಚೀನಾದ ಫಾನ್ ಯುನ್ಜಿಯೆ ತಲೆಕೊಟ್ಟರು; ಚೆಂಡು ಗೋಲ್‌ಕೀಪರ್ ಅವರನ್ನು ದಾಟಿತು; ಕಂಬದ ಪಕ್ಕದಲ್ಲಿ, ಗೋಲು ಗೆರೆಯ ಮೇಲೆ ನಿಂತಿದ್ದ ಲಿಲ್ಲಿ ಅದನ್ನು ತಲೆಯಿಂದಲೇ ಹೊರಗೆ ತಳ್ಳಿದರು. ಆಗಿನ ನಿಯಮದಂತೆ ಹೆಚ್ಚುವರಿ ಸಮಯದ ಮೊದಲ ಗೋಲಿಗೇ ಪಂದ್ಯ ಮುಗಿಯುತ್ತಿದ್ದುದರಿಂದ ಆ ಒಂದು ಕ್ಷಣದಲ್ಲಿ ಕಪ್ ಚೀನಾದ ಪಾಲಾಗಬಹುದಿತ್ತು. ಪೆನಾಲ್ಟಿ ಶೂಟೌಟ್‌ನಲ್ಲಿ ಅಮೆರಿಕ ಗೆದ್ದಿತು, ಕೊನೆಯ ಪೆನಾಲ್ಟಿ ಹೊಡೆದ ಬ್ರಾಂಡಿ ಚಾಸ್ಟೇನ್ ಅವರ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಗೋಲುಗಳ ಪಟ್ಟಿಯಲ್ಲಿ ಲಿಲ್ಲಿ ಅವರ ಆ ತಡೆಗೆ ಜಾಗವಿಲ್ಲ.

ದೀರ್ಘಾವಧಿಯ ಮಾತು ಬಂದಾಗ ಹೇಳಲೇಬೇಕಾದ ಇನ್ನೊಂದು ಹೆಸರು ಬ್ರೆಜಿಲ್‌ನ ಫೋರ್ಮಿಗಾ. 1978ರ ಮಾರ್ಚ್‌ನಲ್ಲಿ ಸಾಲ್ವಡೋರ್ ನಗರದಲ್ಲಿ ಅವರು ಹುಟ್ಟಿದಾಗ, ಬ್ರೆಜಿಲ್‌ನಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದನ್ನು ತಡೆದಿದ್ದ 1941ರ ಆದೇಶ ಇನ್ನೂ ರದ್ದಾಗಿರಲಿಲ್ಲ. ಅದು ತೆರವಾದದ್ದು 1979ರಲ್ಲಿ. 1995ರಿಂದ 2019ರವರೆಗೆ ಏಳು ವಿಶ್ವಕಪ್‌ಗಳಲ್ಲಿ, ಅಟ್ಲಾಂಟಾದಿಂದ ಟೋಕಿಯೋವರೆಗೆ ಏಳು ಒಲಿಂಪಿಕ್ಸ್‌ಗಳಲ್ಲಿ ಅವರು ಆಡಿದರು. 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದಾಗ ಅವರಿಗೆ 37, ಕೊನೆಯ ವಿಶ್ವಕಪ್‌ನಲ್ಲಿ 41 ವರ್ಷ. 2016ರಲ್ಲಿ ಒಮ್ಮೆ ನಿವೃತ್ತಿ ಘೋಷಿಸಿದವರನ್ನು ತಂಡ ಮತ್ತೆ ಕರೆಸಿಕೊಂಡಿತು ಎಂದರೆ ಆ ಜಾಗಕ್ಕೆ ಅವರಂಥ ಇನ್ನೊಬ್ಬರು ಅಷ್ಟರಲ್ಲಿ ಸಿಕ್ಕಿರಲಿಲ್ಲ ಎಂದೇ ತಿಳಿಯಬೇಕು. 2004 ಮತ್ತು 2008ರ ಒಲಿಂಪಿಕ್ ಬೆಳ್ಳಿ, 2007ರ ವಿಶ್ವಕಪ್‌ನ ಎರಡನೇ ಸ್ಥಾನ: ಎರಡೂ ಕಡೆ ಚಿನ್ನ ಕೈತಪ್ಪಿತು.

ಅವರ ವಿದಾಯದ ಪಂದ್ಯ ನಡೆದದ್ದು ಭಾರತದ ವಿರುದ್ಧ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. 2021ರ ನವೆಂಬರ್ 25ರ ರಾತ್ರಿ, ನಮ್ಮಲ್ಲಿ ಆಗಲೇ 26ರ ಬೆಳಗಿನ ಹೊತ್ತು, ಮನಾಸ್ ನಗರದಲ್ಲಿ ಬ್ರೆಜಿಲ್ 6–1ರಿಂದ ಗೆದ್ದಿತು. ಭಾರತದ ಆ ಒಂದು ಗೋಲನ್ನು ಮನೀಷಾ ಕಲ್ಯಾಣ್ ಆರಂಭದಲ್ಲೇ ಹೊಡೆದು ಸ್ವಲ್ಪ ಹೊತ್ತಿನ ಮಟ್ಟಿಗೆ ಪಂದ್ಯವನ್ನು ಸಮ ಮಾಡಿದ್ದರು. ಫೋರ್ಮಿಗಾ ಇಳಿದದ್ದು ದ್ವಿತೀಯಾರ್ಧದಲ್ಲಿ, ಬದಲಿಯಾಗಿ. 43 ವರ್ಷದ ಆ ಆಟಗಾರ್ತಿಯ 200ಕ್ಕೂ ಮೀರಿದ ಕ್ಯಾಪ್‌ಗಳಲ್ಲಿ ಕೊನೆಯದು ಹೀಗೆ ಕೆಲವೇ ನಿಮಿಷಗಳ ಆಟಕ್ಕೆ ಬಂದದ್ದು.

ಇಷ್ಟಾದರೂ ಕ್ಯಾಪ್‌ಗಳ ಸಂಖ್ಯೆಯನ್ನು ನೇರವಾಗಿ ಯೋಗ್ಯತೆಯ ಅಳತೆಯೆಂದು ಹಿಡಿಯುವುದು ಸರಿಯಲ್ಲ. ಆಟಗಾರ್ತಿ ಎಷ್ಟೇ ಗಟ್ಟಿಗಳಾಗಿದ್ದರೂ ಅವಳ ದೇಶದ ಸಂಸ್ಥೆ ಪಂದ್ಯಗಳನ್ನು ಏರ್ಪಡಿಸಿದರೆ ಮಾತ್ರ ಲೆಕ್ಕ ಬೆಳೆಯುತ್ತದೆ. ಮಣಿಪುರದ ಒಯಿನಾಂ ಬೆಂಬೆಂ ದೇವಿ ಅವರೂ ಮಿಡ್‌ಫೀಲ್ಡರ್. 1995ರಲ್ಲಿ 15ನೇ ವಯಸ್ಸಿನಲ್ಲಿ ಭಾರತದ ಪರ ಆಡತೊಡಗಿ, 2016ರಲ್ಲಿ ಶಿಲ್ಲಾಂಗ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದು ನಿಲ್ಲಿಸಿದರು. 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಅವರ 21 ವರ್ಷಗಳಿಗೂ ಲಿಲ್ಲಿ ಅವರ 23 ವರ್ಷಗಳಿಗೂ ಅವಧಿಯಲ್ಲಿ ದೊಡ್ಡ ಅಂತರವೇನಿಲ್ಲ. ಆದರೆ ಬೆಂಬೆಂ ಅವರ ಕ್ಯಾಪ್‌ಗಳು ನೂರನ್ನು ಮುಟ್ಟಲಿಲ್ಲ. ಕಾರಣ ಅವರ ಆಟದಲ್ಲಿ ಹುಡುಕಬೇಕಾದುದಲ್ಲ. ಅವರು ಆಟದ ಉತ್ತುಂಗದಲ್ಲಿದ್ದ ವರ್ಷಗಳಲ್ಲೇ ಭಾರತದ ಮಹಿಳಾ ತಂಡ 18 ತಿಂಗಳಿಗೂ ಹೆಚ್ಚು ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯವಾಡದೆ, 2009ರಲ್ಲಿ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಹೊರಬಿತ್ತು. ಆಟಗಾರ್ತಿ ಸಿದ್ಧಳಿದ್ದು ಪಂದ್ಯವೇ ಇಲ್ಲದ ಆ ತಿಂಗಳುಗಳನ್ನು ಯಾವ ಅಂಕಿಅಂಶವೂ ದಾಖಲಿಸುವುದಿಲ್ಲ.

ಹಾಗಾಗಿ ಭಾರತೀಯ ಆಟಗಾರ್ತಿಯ ಕ್ಯಾಪ್‌ಗಳನ್ನು ಓದುವಾಗ ಆಕೆ ಆಡಿದ ವರ್ಷಗಳನ್ನೂ ಆ ವರ್ಷಗಳಲ್ಲಿ ತಂಡಕ್ಕೆ ಸಿಕ್ಕ ಪಂದ್ಯಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕಾಗುತ್ತದೆ. ನೂರು ಅಂತರರಾಷ್ಟ್ರೀಯ ಪಂದ್ಯಗಳನ್ನು ಪೂರೈಸಿದ ಮೊದಲ ಭಾರತೀಯ ಮಹಿಳೆ ರಕ್ಷಣಾ ಆಟಗಾರ್ತಿ ಆಶಾಲತಾ ದೇವಿ. ಅದು ಸಾಧ್ಯವಾದದ್ದು 2024ರ ಅಕ್ಟೋಬರ್‌ನಲ್ಲಿ, ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ. 2025ರ ಜುಲೈನಲ್ಲಿ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಭಾರತ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು, ಎರಡೂ ಗೋಲು ಹೊಡೆದವರು ಮಿಡ್‌ಫೀಲ್ಡರ್ ಸಂಗೀತಾ ಬಾಸ್ಫೋರ್. ಅರ್ಹತಾ ಸುತ್ತಿನಲ್ಲಿ ಗೆದ್ದು ಆ ಟೂರ್ನಿಗೆ ಹೋದದ್ದು ಭಾರತಕ್ಕೆ ಅದೇ ಮೊದಲು. ಅಂಥ ಪ್ರತಿ ಅರ್ಹತೆಯೂ ತಂಡದ ಹುಡುಗಿಯರಿಗೆ ಕಡೇಪಕ್ಷ ಮೂರು ಗುಂಪು ಪಂದ್ಯಗಳನ್ನು, ಎಂದರೆ ಮೂರು ಕ್ಯಾಪ್‌ಗಳ ಅವಕಾಶವನ್ನು ತರುತ್ತದೆ.