‘ರೀಕಂಡೀಷನ್’ ಅಂದರೆ ಏನು? ಕಾರಿನ ಎಸಿ ಬಿಚ್ಚಿಸುವ ಮೊದಲು

"ಕಂಪ್ರೆಸರ್ ಹೋಗಿದೆ ಸರ್. ಹೊಸದು ಹಾಕೋಣ್ವಾ, ರೀಕಂಡೀಷನ್ ಹಾಕೋಣ್ವಾ?"

ಕಂಪ್ರೆಸರ್ ಅಂದರೆ ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಪಂಪು. ಏಪ್ರಿಲ್ ಬಿಸಿಲಲ್ಲಿ ಬಾನೆಟ್ ಎತ್ತಿ ನಿಂತಾಗ ಈ ಪ್ರಶ್ನೆ ಬಂದರೆ ನಾವು ತಿರುಗಿ ಕೇಳುವುದು ಒಂದೇ: "ಯಾವುದಕ್ಕೆ ಎಷ್ಟಾಗುತ್ತೆ?" ನಾನೂ ಅದನ್ನೇ ಕೇಳಿದ್ದೆ. ಹೊಸದರ ಅರ್ಧ ಬೆಲೆಗೆ ಆಗುತ್ತೆ ಅಂದರು, ಖುಷಿಯಾಗಿ ಹಾಕಿಸಿದೆ. ಆ ಕಂಪ್ರೆಸರ್ ದೀಪಾವಳಿವರೆಗೂ ಬರಲಿಲ್ಲ. ಯಾಕೆ ಅನ್ನುವುದು ಆಮೇಲೆ. ಮೊದಲು ಪದದ ವಿಚಾರ.

ನಮ್ಮ ಗ್ಯಾರೇಜುಗಳಲ್ಲಿ ರೀಕಂಡೀಷನ್ ಅನ್ನುವುದು ತುಂಬಾ ಸಡಿಲವಾದ ಮಾತು. ಹಳೇ ಹತ್ತಿ ಹಾಸಿಗೆ ನೆನಪಿಸಿಕೊಳ್ಳಿ. "ಹಾಸಿಗೆ ಸರಿ ಮಾಡಿಸಿದೆ" ಅಂದರೆ ಒಳಗಿನ ಹತ್ತಿ ತೆಗೆದು, ಹೊಡೆಸಿ, ಬಿಸಿಲಿಗೆ ಹಾಕಿ ಮತ್ತೆ ತುಂಬಿಸಿರಬಹುದು. ಇಲ್ಲವೇ ಹರಿದಿದ್ದರ ಮೇಲೆ ಸುಮ್ನೆ ಒಂದು ಹೊಸ ಗವಸು ಹೊಲಿಸಿರಬಹುದು. ಹೊರಗಿಂದ ನೋಡೋಕೆ ಎರಡೂ ಒಂದೇ. ಮಲಗಿದ ಮೇಲೇ ಬೆನ್ನಿಗೆ ಗೊತ್ತಾಗುವುದು.

ರೀಕಂಡೀಷನ್ ಕಂಪ್ರೆಸರ್ ಕಥೆಯೂ ಹಾಗೇ. ಸರಿಯಾಗಿ ಮಾಡುವವರು ಅದನ್ನು ಪೂರ್ತಿ ಬಿಚ್ಚುತ್ತಾರೆ, ತೊಳೆಯುತ್ತಾರೆ. ಶಾಫ್ಟ್ ಸೀಲ್, ಓ-ರಿಂಗ್, ಗ್ಯಾಸ್ಕೆಟ್, ಬೇರಿಂಗ್ ಎಲ್ಲ ಹೊಸದು ಹಾಕುತ್ತಾರೆ. ವಾಲ್ವ್ ಪ್ಲೇಟ್ ನೋಡುತ್ತಾರೆ. ಪಿಸ್ಟನ್ ಓಡಾಡುವ ಸಿಲಿಂಡರ್ ಗೋಡೆಯಲ್ಲಿ ಗೀರು ಬಿದ್ದಿದ್ದರೆ ಆ ಬಾಡಿಯನ್ನೇ ಬದಿಗಿಡುತ್ತಾರೆ. ಮತ್ತೆ ಜೋಡಿಸಿ, ನೈಟ್ರೋಜನ್ ತುಂಬಿ, ಎಲ್ಲಾದರೂ ಸೋರುತ್ತಾ ಅಂತ ಪರೀಕ್ಷೆ ಮಾಡುತ್ತಾರೆ. ಇಷ್ಟು ಆಗಿದ್ದರೆ ಅದು ನಿಜವಾಗಿ ಮರುಕಟ್ಟಿದ ಮಾಲು. ಇದನ್ನೇ ಅಳತೆ ಹಿಡಿದು, ದೊಡ್ಡ ಮಟ್ಟದಲ್ಲಿ, ಕಾರ್ಖಾನೆಯಲ್ಲಿ ಮಾಡಿದರೆ ಡಬ್ಬಿಯ ಮೇಲೆ ರೀಮ್ಯಾನುಫ್ಯಾಕ್ಚರ್ಡ್ ಅಂತ ಬರೆಯುತ್ತಾರೆ.

ಇನ್ನೊಂದು ಬಗೆ ಇದೆ. ಗುಜರಿಯಿಂದ ತಂದ ಕಂಪ್ರೆಸರ್ರಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಪ್ಪು ಬಣ್ಣ ಸ್ಪ್ರೇ ಮಾಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದ್ದು. ಅದಕ್ಕೂ ಹೆಸರು ರೀಕಂಡೀಷನ್ನೇ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ "ಸೆಕೆಂಡ್ಸ್" ಅಂತ ನೇರವಾಗಿ ಹೇಳಿ ಮಾರುವವರೂ ಇದ್ದಾರೆ, ಅವರ ಬಗ್ಗೆ ನನಗೆ ತಕರಾರಿಲ್ಲ. ಏನು ತಗೊಳ್ಳುತ್ತಿದ್ದೇವೆ ಅಂತ ಅಲ್ಲಿ ಗೊತ್ತಿರುತ್ತೆ. ತಕರಾರು ಬಣ್ಣದ ಬಗ್ಗೆ.

ಈ ಪದಗಳ ಗೊಂದಲ ಕಾನೂನು ಬರೆದವರಿಗೂ ಗೊತ್ತಿತ್ತು ಅಂತ ಕಾಣುತ್ತೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಯಾವುದು ಅಂತ ಹೇಳುವ ಕಡೆ ರೀಬಿಲ್ಟ್, ಸೆಕೆಂಡ್ ಹ್ಯಾಂಡ್, ರಿನೋವೇಟೆಡ್, ರೀಕಂಡೀಷನ್ಡ್, ಹಳೇದು ಅಂತ ಅಷ್ಟನ್ನೂ ಸಾಲಾಗಿ ಹೆಸರಿಸಿದ್ದಾರೆ. ಇವುಗಳಲ್ಲಿ ಯಾವುದನ್ನೇ ಆಗಲಿ "ಹೊಸದು" ಅಂತ ಸುಳ್ಳು ಹೇಳಿ ಮಾರುವ ಹಾಗಿಲ್ಲ. 1986ರ ಹಳೇ ಕಾಯ್ದೆಯಲ್ಲೂ ಈ ಮಾತಿತ್ತು. ಹಾಗಾಗಿ ಬಿಲ್‌ನಲ್ಲಿ ಬರೀ "ಎಸಿ ಕಂಪ್ರೆಸರ್ – 1" ಅಂತಿದ್ದರೆ, ಪಕ್ಕದಲ್ಲಿ ಹೊಸದೋ ರೀಕಂಡೀಷನ್ನೋ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕ ಹಾಗೇ.

"ಹೊಸದು" ಅನ್ನುವ ಪದವೂ ಅಷ್ಟೇನೂ ಸರಳ ಅಲ್ಲ. ಕಾರ್ ಕಂಪನಿಗಳು ಸಾಮಾನ್ಯವಾಗಿ ಎಸಿ ಕಂಪ್ರೆಸರ್ ತಾವೇ ಮಾಡುವುದಿಲ್ಲ. ಡೆನ್ಸೊ, ಸ್ಯಾಂಡನ್, ನಮ್ಮ ದೇಶದ ಸುಬ್ರೋಸ್ ಥರದ ಕಂಪನಿಗಳು ಮಾಡಿಕೊಡುತ್ತವೆ. ಅದೇ ತಯಾರಕರ ಮಾಲು ಕಾರ್ ಕಂಪನಿಯ ಡಬ್ಬಿಯಲ್ಲಿ ಒಂದು ಬೆಲೆಗೆ, ತಯಾರಕರ ಸ್ವಂತ ಡಬ್ಬಿಯಲ್ಲಿ ಇನ್ನೊಂದು ಬೆಲೆಗೆ ಸಿಗುವುದುಂಟು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತೆ. ಹಾಗೇ, ಯಾರು ಮಾಡಿದ್ದು ಅಂತ ಗೊತ್ತಾಗದ ಹೊಸ ಮಾಲೂ ಇರುತ್ತೆ. ಊರು ಹೆಸರು ಇಲ್ಲದ ಹೊಸ ಕಂಪ್ರೆಸರ್‌ಗಿಂತ, ಕಣ್ಣೆದುರು ಬಿಚ್ಚಿ ಕಟ್ಟಿದ ಹಳೇ ಒರಿಜಿನಲ್ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಕೈಗೆ ಬಂದಾಗ ಎರಡು ಮೂರು ಕಡೆ ನೋಡಬಹುದು. ಬೋಲ್ಟ್ ಕೂರುವ ಕಿವಿಗಳ ತೂತಿನ ಒಳಗೆ ಬೆರಳಾಡಿಸಿ. ಮೊದಲೇ ಎಲ್ಲಾದರೂ ಕೂತಿದ್ದ ಮಾಲಾದರೆ ಅಲ್ಲಿ ಬೋಲ್ಟ್ ತಿಕ್ಕಿದ ಹೊಳಪಿರುತ್ತೆ. ಸ್ಪ್ರೇ ಬಣ್ಣ ಅಷ್ಟು ಒಳಗೆ ಹೋಗಿರುವುದಿಲ್ಲ. ಮುಂದಿನ ಕ್ಲಚ್ ಪ್ಲೇಟನ್ನು (ಎಸಿ ಹಾಕಿದಾಗ ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಸೇರಿಸುವ ತಟ್ಟೆ) ಕೈಯಲ್ಲಿ ತಿರುಗಿಸಿ. ಒಂದೇ ಸಮ ಹಿಡಿತದಲ್ಲಿ ತಿರುಗಬೇಕು, ಕರಕರ ಅನ್ನಬಾರದು. ಹೊಸದಾದರೆ ಪೈಪ್ ಕೂರುವ ಬಾಯಿಗಳಿಗೆ ಮುಚ್ಚಳ ಬಿಗಿದಿರುತ್ತಾರೆ. ಎಷ್ಟೋ ಕಂಪನಿಗಳು ಒಳಗೆ ಸ್ವಲ್ಪ ನೈಟ್ರೋಜನ್ ತುಂಬಿಟ್ಟಿರುತ್ತವೆ, ಬಿಚ್ಚಿದ ಕೂಡಲೇ ‘ಸುಸ್’ ಅನ್ನುತ್ತೆ. ತೇವ ಒಳಗೆ ಹೋಗದಿರಲಿ ಅಂತ ಈ ಏರ್ಪಾಡು. ಈಗಿನ ಗ್ಯಾಸ್ ಜೊತೆ ಕಂಪ್ರೆಸರ್ ಒಳಗೆ ಹಾಕುವ ಪಿಎಜಿ ಅನ್ನುವ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ, ಬಾಯಿ ತೆರೆದಿಟ್ಟ ಉಪ್ಪಿನ ಡಬ್ಬಿ ಹಾಗೆ.

ಹೊಸದೋ ರೀಕಂಡೀಷನ್ನೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಹಳೇ ಕಂಪ್ರೆಸರ್ ಹೇಗೆ ಸತ್ತಿತು?

ಕೆಲವು ಸಲ ಕಂಪ್ರೆಸರ್ ಸತ್ತೇ ಇರುವುದಿಲ್ಲ. ಪುಲ್ಲಿ ಬೇರಿಂಗ್ ಕೂಗುತ್ತಿರುತ್ತೆ, ಅಷ್ಟೆ. ಅಥವಾ ಕ್ಲಚ್ ಕಾಯಿಲ್ ಸುಟ್ಟಿರುತ್ತೆ. ಇವನ್ನು ಗ್ಯಾಸ್ ಬಿಡದೆಯೇ, ಹೊರಗಿಂದಲೇ ಬದಲಾಯಿಸುವ ಕಾರುಗಳು ಬೇಕಾದಷ್ಟಿವೆ. ಶಾಫ್ಟ್ ಸೀಲ್ ಸೋರಿ ಗ್ಯಾಸ್ ಹೋಗಿದ್ದರೆ ನಿಮ್ಮದೇ ಕಂಪ್ರೆಸರ್ ಬಿಚ್ಚಿಸಿ ಸೀಲ್ ಹಾಕಿಸಿಕೊಳ್ಳುವುದು ಒಳ್ಳೇದು. ಇನ್ಯಾರದೋ ಕಾರಿಂದ ಬಂದಿದ್ದಕ್ಕಿಂತ ನಮ್ಮದರ ಜಾತಕ ನಮಗೇ ಗೊತ್ತಿರುತ್ತೆ ಅಲ್ವಾ?

ಒಳಗಿನ ಪಿಸ್ಟನ್ ತಿಕ್ಕಿ, ಸವೆದು, ಜಾಮ್ ಆಗಿ ಸತ್ತಿದ್ದರೆ ಮಾತ್ರ ಕಥೆ ಬೇರೆ. ಆಗ ಕಂಪ್ರೆಸರ್ ಒಂದೇ ಹೋಗುವುದಿಲ್ಲ. ಅದರ ಲೋಹದ ಪುಡಿ, ಸುಟ್ಟ ಎಣ್ಣೆ ಸೇರಿ ಕಪ್ಪು ಕೆಸರಾಗಿ ಗ್ಯಾಸ್ ಹೋಗುವ ದಾರಿಗೆಲ್ಲ ಹರಡುತ್ತೆ. ಮೊದಲು ಸಿಗುವುದು ರೇಡಿಯೇಟರ್ ಮುಂದಿರುವ, ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್. ಈಗಿನ ಕಂಡೆನ್ಸರ್‌ಗಳ ಚಪ್ಪಟೆ ಕೊಳವೆಗಳ ಒಳಗೆ ಸೂಜಿ ತೂರುವಷ್ಟೇ ಸಣ್ಣ ದಾರಿಗಳು. ಕೆಸರು ಅಲ್ಲಿ ಕಚ್ಚಿಕೊಂಡರೆ ಏನು ಹಾಕಿ ತೊಳೆದರೂ ಪೂರ್ತಿ ಬರುವುದಿಲ್ಲ. ಹೊಸ ಕಂಪ್ರೆಸರ್ ಓಡಲು ಶುರು ಮಾಡಿದ ಮೇಲೆ ಆ ಪುಡಿ ನಿಧಾನಕ್ಕೆ ಬಿಟ್ಟುಕೊಂಡು ಅದರ ಹೊಟ್ಟೆ ಸೇರುತ್ತೆ.

ಆದ್ದರಿಂದ ಕಂಡೆನ್ಸರ್ ವಿಷಯದಲ್ಲಿ ರೀಕಂಡೀಷನ್ ಅನ್ನುವ ಪದಕ್ಕೆ ಅರ್ಥವೇ ಇಲ್ಲ. ವೆಲ್ಡಿಂಗ್ ಮಾಡಿ ತೂತು ಮುಚ್ಚಬಹುದು, ಅದು ರಿಪೇರಿ. ಡ್ಯಾಶ್‌ಬೋರ್ಡ್ ಒಳಗಿರುವ ಕೂಲಿಂಗ್ ಕಾಯಿಲ್‌ಗೂ ನಾನು ಹೊಸದನ್ನೇ ಹೇಳುತ್ತೇನೆ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಇಳಿಸುವ ಕೂಲಿಯೇ ಜಾಸ್ತಿ, ಆ ಕೆಲಸ ಎರಡು ಸಲ ಯಾರಿಗೆ ಬೇಕು? ಡ್ರೈಯರ್ ಅಂತೂ ಸಿಸ್ಟಮ್ ತೆರೆದಾಗಲೆಲ್ಲ ಹೊಸದೇ ಆಗಬೇಕು. ಔಷಧಿ ಡಬ್ಬಿಯೊಳಗೆ ತೇವ ಹೀರಲು ಪುಟ್ಟ ಪೊಟ್ಟಣ ಇಟ್ಟಿರುತ್ತಾರಲ್ಲ, ಅದೇ ಕೆಲಸ ಮಾಡುವ ಮಣಿಗಳು ಅದರೊಳಗಿವೆ. ಒಮ್ಮೆ ಹೀರಿ ತುಂಬಿದ ಮೇಲೆ ಮುಗಿಯಿತು. ಕೂಲಿಂಗ್ ಕಾಯಿಲ್‌ಗೆ ಹೋಗುವ ಗ್ಯಾಸನ್ನು ಹಿಡಿತದಲ್ಲಿ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್, ಓ-ರಿಂಗ್ ಕೂಡ ಹೊಸದು. ಕಂಪ್ರೆಸರ್ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಎಲೆಕ್ಟ್ರಿಕ್ ಕಾರುಗಳಲ್ಲಿ, ಎಷ್ಟೋ ಹೈಬ್ರಿಡ್‌ಗಳಲ್ಲಿ ಕಂಪ್ರೆಸರ್‌ಗೆ ಬೆಲ್ಟ್ ಇರುವುದಿಲ್ಲ, ಹೈ ವೋಲ್ಟೇಜ್ ಮೋಟಾರ್ ಒಳಗೇ ಇರುತ್ತೆ. ಅದಕ್ಕೆ ಹಾಕುವ ಎಣ್ಣೆ ಕರೆಂಟ್ ಹಾಯಿಸಬಾರದು. ಬೇರೆ ಎಣ್ಣೆ ಬೆರೆತರೆ ಅಪಾಯ. ಇಲ್ಲಿ ಬೀದಿ ಬದಿಯ ರೀಕಂಡೀಷನ್ ಸಾಹಸ ಬೇಡ.

ಈಗ ನನ್ನ ಕಾರಿನ ಕಥೆ. ಎರಡನೇ ಸಲ ಕೆಟ್ಟಾಗ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಕಂಪ್ರೆಸರ್ ಇಳಿಸಿ, ನೆಲಕ್ಕೆ ಹಳೇ ಪೇಪರ್ ಹಾಸಿ, ಅದನ್ನು ಬೋರಲು ಹಾಕಿದ. ನಾಲ್ಕು ಚಮಚದಷ್ಟು ಎಣ್ಣೆ ಇಳಿಯಿತು. ಸರಿಯಿದ್ದರೆ ಅದು ತಿಳಿಯಾಗಿರಬೇಕು. ಇದು ಬೂದು ಬಣ್ಣ. ಪೇಪರನ್ನು ಬಿಸಿಲಿಗೆ ಹಿಡಿದ. ಅಕ್ಷರಗಳ ಮೇಲೆ ಬೆಳ್ಳಿ ಪುಡಿ ಉದುರಿಸಿದ ಹಾಗೆ ಮಿಣಮಿಣ.

"ಹಿಂದಿನ ಸಲ ಕಂಡೆನ್ಸರ್, ಡ್ರೈಯರ್ ಬದಲಾಯಿಸಿದ್ರಾ ಸರ್?"

ಇಲ್ಲ. ಕಂಪ್ರೆಸರ್ ಒಂದೇ ಹಾಕಿ ಗ್ಯಾಸ್ ತುಂಬಿ ಕಳಿಸಿದ್ದರು.

"ಮತ್ತೆ ಅದೇನು ಮಾಡುತ್ತೆ, ಪಾಪ."

ಹನ್ನೊಂದು ವರ್ಷದ ಕಾರಿಗೆ ಹೊಸ ಕಂಪ್ರೆಸರ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಮತ್ತೆ ರೀಕಂಡೀಷನ್ನೇ ಹಾಕಿಸಿದೆ, ಆದರೆ ಈ ಸಲ ಒಳಗೆ ಏನೇನು ಬದಲಾಯಿಸಿದ್ದಾರೆ ಅಂತ ಕೇಳಿ, ಆರು ತಿಂಗಳ ವಾರಂಟಿ ಬಿಲ್ ಮೇಲೆ ಬರೆಸಿಕೊಂಡು. ಕಂಡೆನ್ಸರ್, ಡ್ರೈಯರ್, ವಾಲ್ವ್ ಹೊಸದು. ಪೈಪುಗಳನ್ನು ತೊಳೆದರು. ಒಳಗಿನ ಗಾಳಿ, ತೇವ ಹೋಗಲಿ ಅಂತ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು, ಬಾನೆಟ್ ಕೆಳಗಿನ ಸ್ಟಿಕರ್ ನೋಡಿಕೊಂಡು, ಗ್ಯಾಸನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತುಂಬಿದರು. ಒಟ್ಟು ಖರ್ಚು ಮೊದಲ ಸಲಕ್ಕಿಂತ ಜಾಸ್ತಿಯೇ ಆಯಿತು. ಇದು ಮೂರನೇ ಬೇಸಿಗೆ, ಇನ್ನೂ ಓಡುತ್ತಿದೆ.