ಹಳೆ ಅಂಬಾಸಿಡರ್ ಬಾಡಿಯ ಬಣ್ಣ ಕೀಳುವಾಗ

2014ರವರೆಗೂ ಉತ್ತರಪಾರಾ ಕಾರ್ಖಾನೆಯಿಂದ ಬರುತ್ತಿದ್ದ ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳೋಣ. ಇದಕ್ಕೆ ಲಾರಿಯ ಹಾಗೆ ಬೇರೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ನಾವು ಬಣ್ಣ ಕೀಳುವುದೇ ಫ್ಲೋರು, ಸ್ಪ್ರಿಂಗ್ ಕೂರುವ ಜಾಗ ಇವೆಲ್ಲ ಗಟ್ಟಿ ಇವೆಯಾ ಅಂತ ನೋಡಲಿಕ್ಕೆ.

ಮೊದಲು ಅಡಿಭಾಗ. ಅಲ್ಲಿ ಬಳಿದಿರುವ ಅಂಡರ್‌ಕೋಟಿಂಗ್ ಸಾಮಾನ್ಯವಾಗಿ ಡಾಂಬರಿನ ಜಾತಿಯದು. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದರೆ ಅದು ಬಿಸಿಯಾಗಿ ಕರಗುತ್ತದೆ, ಅಲ್ಲೇ ಮೆತ್ತಿಕೊಳ್ಳುತ್ತದೆ, ಮುಖಕ್ಕೂ ಸಿಡಿಯುತ್ತದೆ. ಪೆಟ್ರೋಲ್ ಟ್ಯಾಂಕು, ಪೈಪು ಬಿಚ್ಚಿಟ್ಟು, ಹೀಟ್ ಗನ್‌ನಿಂದ ಅಂಗೈಯಷ್ಟು ಜಾಗ ಮಾತ್ರ ಕಾಯಿಸಿ. ಹೊಗೆ ಬರುವಷ್ಟು ಬೇಡ. ಮೆತ್ತಗಾದ ಕೂಡಲೇ ಸ್ಕ್ರೇಪರ್ ತಳ್ಳಿದರೆ ಪಟ್ಟಿಪಟ್ಟಿಯಾಗಿ ಏಳುತ್ತದೆ. ಉಳಿದ ಕಲೆಯನ್ನು ತಗಡು ಪೂರ್ತಿ ಆರಿದ ಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಕಾಯಿಸದೆಯೇ ಸುಲಭವಾಗಿ ಎದ್ದುಬಂತಾ? ಖುಷಿಪಡಬೇಡಿ. ಅದರಡಿ ನೀರು ನಿಂತಿರುತ್ತದೆ, ತಗಡು ತಿಂದುಹೋಗಿರುವುದೇ ಜಾಸ್ತಿ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ.

ಇನ್ನು ಮೇಲ್ಭಾಗ. ಟಾಪು, ಬಾನೆಟ್, ಡೋರಿಗೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ ಬಣ್ಣ ಕೀಳಿಸಬೇಡಿ. ಒಂದೊಂದು ಕಣವೂ ಸಣ್ಣ ಸುತ್ತಿಗೆಯ ಹಾಗೆ ಬಡಿದು ಮೇಲ್ಪದರವನ್ನು ಹಿಗ್ಗಿಸುತ್ತದೆ, ಅಗಲ ತಗಡು ಉಬ್ಬುತ್ತದೆ. ಆಮೇಲೆ ಟಿಂಕರಿಂಗ್ ಮಾಡುವವರ ಗೋಳು ಕೇಳುವುದೇ ಬೇಡ! ದಪ್ಪ ಸಸ್ಪೆನ್ಷನ್ ಭಾಗಗಳಿಗೆ ಪರವಾಗಿಲ್ಲ. ಆದರೆ ಮಾಮೂಲಿ ಮರಳಿನ ಧೂಳು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ತರುತ್ತದೆ, ಅದಕ್ಕೆ ಸಿಲಿಕಾ ಇಲ್ಲದ ಬೇರೆ ಪುಡಿ ಬಳಸಿ.

ಅಗಲ ತಗಡಿಗೆ ಪೇಂಟ್ ರಿಮೂವರ್ ಸಾಕು. ದಪ್ಪಗೆ ಹಚ್ಚಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಡೋರಿನ ಅಂಚು ಮಡಚಿರುತ್ತದಲ್ವಾ, ಅಲ್ಲಿ ಒಂದು ಬೆರಳಗಲ ಬಿಟ್ಟುಬಿಡಿ. ಆ ಮಡಿಕೆಯೊಳಗೆ ರಿಮೂವರ್ ಇಳಿದರೆ ಮುಂದೆ ಯಾವತ್ತೋ ಒಸರಿ ಹೊಸ ಬಣ್ಣವನ್ನೇ ಎಬ್ಬಿಸುತ್ತದೆ. ಅಂಚನ್ನು 80 ನಂಬರಿನ ಒರಟು ಎಮರಿ ಪೇಪರಿನಲ್ಲಿ ಕೈಯಿಂದಲೇ ಉಜ್ಜಿ, ನೀರು ಹಾಕಿಕೊಂಡು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ನೀರಿದ್ದರೆ ಅದರ ಧೂಳು ಏಳುವುದಿಲ್ಲ. ಮೆಥಿಲೀನ್ ಕ್ಲೋರೈಡ್ ಅನ್ನೋ ವಿಷಕಾರಿ ದ್ರಾವಕ ಇರುವ ರಿಮೂವರ್ ಆದರೆ ಬಯಲಲ್ಲೇ ಕೆಲಸ ಮಾಡಿ. ಧೂಳಿನ ಮಾಸ್ಕ್ ಆ ಆವಿಯನ್ನು ತಡೆಯುವುದಿಲ್ಲ. ಅಮೆರಿಕದಲ್ಲಿ ಜನಸಾಮಾನ್ಯರಿಗೆ ಇಂಥ ರಿಮೂವರ್ ಮಾರಾಟವನ್ನು 2019ರಲ್ಲೇ ನಿಲ್ಲಿಸಿದರು.

ಇಡೀ ಬಾಡಿಯನ್ನು ಒಮ್ಮೆಗೇ ಬತ್ತಲೆ ಮಾಡಬೇಡಿ. ಮಳೆಗಾಲದ ಮಂಗಳೂರಿನಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಒಂದೊಂದೇ ಭಾಗ ಕಿತ್ತು, ತೊಳೆದು ಒಣಗಿಸಿ, ಥಿನ್ನರ್ ಒರೆಸಿ, ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿಯನ್ನು ಅದರ ಮೇಲೆಯೇ ಹಾಕಬಹುದು. ಪ್ರೈಮರ್ ಹೊಡೆದ ಮೇಲೆ ಎಷ್ಟು ಹೊತ್ತಿನೊಳಗೆ ಮುಂದಿನ ಪದರ ಹಾಕಬೇಕು ಅಂತ ಡಬ್ಬಿಯ ಮೇಲೆ ಬರೆದ ಗಡುವು ಮೀರಿದ್ದರೆ ಮಾತ್ರ ಮೊದಲು ಎಮರಿ ಪೇಪರ್ ಆಡಿಸಿ.